ಹರಗೋಲಿನಿಂದ ಟನಲ್ ಬೋಟಿನವರೆಗೆ



ಚಿಂಚಲಿ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮಾಯಕ್ಕ. ಭಾರತ ಹುಣ್ಣಿಮೆಗೆ ಮಹಾರಾಷ್ಟ್ರದ ಕಡೆಯಿಂದ ಸಾಲುಸಾಲಾಗಿ ಬರುವ ಚಕ್ಕಡಿಗಳು, ಭಂಡಾರದ ಹಳದಿ, ಡೊಳ್ಳಿನ ಸದ್ದು... ದೋಣಿ ಯಾರಿಗೂ ನೆನಪಾಗುವುದಿಲ್ಲ. ಆದರೂ ಇವತ್ತು ಬರೆಯಲು ಕೂತಿರುವುದು ದೋಣಿಯ ಬಗ್ಗೆ. ಅದೂ ಗಂಟೆಗೆ 200 ಕಿಲೋಮೀಟರಿಗಿಂತ ಹೆಚ್ಚು ಓಡುವ ದೋಣಿಯ ಬಗ್ಗೆ!

ಇದಕ್ಕೆ ಕಾರಣ 2018ರ ನವೆಂಬರ್. ಆ ತಿಂಗಳ 16ರಿಂದ 18ರವರೆಗೆ ವಿಜಯವಾಡದ ಪುನ್ನಮಿ ಘಾಟಿನಲ್ಲಿ ಫಾರ್ಮುಲಾ ಒನ್ ಪವರ್‌ಬೋಟ್ ಸ್ಪರ್ಧೆ ನಡೆಯಿತು. ಆಗ ನಾನು ಹೈದರಾಬಾದಿನಲ್ಲಿದ್ದೆ. ಗೆಳೆಯನೊಬ್ಬ ಎಳೆದುಕೊಂಡು ಹೋದ. ನನಗೆ ಕಾರಿನ ರೇಸೇ ಗೊತ್ತಿಲ್ಲ, ಇನ್ನು ದೋಣಿಯದೇನು ಎಂದುಕೊಂಡೇ ಹೋದವನು ದಂಡೆಯಲ್ಲಿ ಬಾಯಿ ತೆರೆದು ನಿಂತುಬಿಟ್ಟೆ. ಸಾವಿರ ಜೇನುಹುಳ ಒಟ್ಟಿಗೆ ಎದ್ದಂಥ ಸದ್ದು. ದೋಣಿಯ ಹಿಂದೆ ನೀರಿನ ಬಿಳಿ ಬಾಲ. ದೋಣಿ ಮಾತ್ರ ನೀರಿನಲ್ಲಿಲ್ಲ, ನೀರಿನ ಮೇಲೆ ಒಂದು ಗೇಣು ಎತ್ತರದಲ್ಲಿ ತೇಲುತ್ತಿದ್ದಂತೆ ಕಾಣುತ್ತಿತ್ತು.

ಆ ಹೊಳೆ ಯಾವುದು? ಕೃಷ್ಣಾ. ನಮ್ಮ ಕುಡಚಿ ಸೇತುವೆಯ ಕೆಳಗೆ ಹಾದು, ಹಿಪ್ಪರಗಿ, ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ ದಾಟಿ ಅಲ್ಲಿಗೆ ಬರುವ ಅದೇ ಹೊಳೆ. ಸಂಜೆ ಊರಿಗೆ ಫೋನು ಹಚ್ಚಿ ಅಪ್ಪನಿಗೆ ಎಲ್ಲ ವರ್ಣಿಸಿದೆ. ಅಪ್ಪ ಪೂರ್ತಿ ಕೇಳಿ ಒಂದೇ ಮಾತು ಅಂದ: "ನೀರ ಮುಟ್ಟದ ಹೋಗೂದು ಎಂಥಾ ದೋಣಿನೋ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದೆ. ಆಗ ಸಿಕ್ಕಿದ್ದು ಬರೀ ದೋಣಿಯ ಕತೆಯಲ್ಲ, ದೋಣಿ ನಡೆಸಲು ಕಲಿಯುವ ಕೈಯ ಕತೆ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ :-)

ಮೊದಲು ನಮ್ಮ ಹೊಳೆ

ಸೇತುವೆಗಳು ಬರುವ ಮೊದಲು ಹೊಳೆ ದಾಟುವುದು ಎಂದರೆ ಅಂಬಿಗನ ಕೈ ಹಿಡಿಯುವುದೇ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರಿನಲ್ಲೇ ಕಸುಬಿದೆ. ನಮ್ಮ ಭಾಗದಲ್ಲಿ ಇಂದಿಗೂ ಅಂಬಿಗೇರ ಎಂಬ ಅಡ್ಡಹೆಸರಿನ ಮನೆತನಗಳಿವೆ, ಅವರಲ್ಲಿ ಎಷ್ಟೋ ಜನ ಈಗ ಹುಟ್ಟು ಹಿಡಿದವರಲ್ಲ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯನ್ನು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುವುದನ್ನು ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ. ಬೇಕಾದರೆ ಕುದುರೆ, ಎತ್ತುಗಳನ್ನೂ ಅದರಲ್ಲಿ ದಾಟಿಸಬಹುದಿತ್ತಂತೆ. ಅದೇ ನಮ್ಮ ಹರಗೋಲು.

ಹರಗೋಲಿಗೆ ಮೂತಿಯಿಲ್ಲ, ಬಾಲವಿಲ್ಲ. ಎತ್ತ ಹುಟ್ಟು ಹಾಕಿದರೆ ಅತ್ತ ಮುಂದು. ಹೊಸಬ ಹುಟ್ಟು ಹಾಕಿದರೆ ಗಾಣದೆತ್ತಿನಂತೆ ನಿಂತಲ್ಲೇ ತಿರುಗುತ್ತದೆ. ಕಲಿತವನು ತನ್ನ ಎದುರಿನ ನೀರನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತ, ಕೊನೆಯಲ್ಲಿ ಹುಟ್ಟನ್ನು ಒಂದಿಷ್ಟು ಹೊರಳಿಸಿ ಆ ತಿರುಗಾಟವನ್ನು ಕೊಲ್ಲುತ್ತಾನೆ. ಆ ಹೊರಳು ಎಷ್ಟು ಎಂದು ಯಾವ ಪುಸ್ತಕದಲ್ಲೂ ಇಲ್ಲ. ಅದು ಮಣಿಕಟ್ಟಿನಲ್ಲಿರುತ್ತದೆ. ಭಾರ ಎಲ್ಲಿ ಕೂರಬೇಕು, ಸೆಳವು ಎಲ್ಲಿದೆ, ಗಾಳಿ ಯಾವ ಕಡೆಯದು... ದೋಣಿ ನಡೆಸುವ ವಿದ್ಯೆಯ ಮೂರು ಪಾಠ ಇವೇ. ಮುಂದೆ ಬರುವ 400 ಅಶ್ವಶಕ್ತಿಯ ದೋಣಿಗೂ ಪಾಠ ಇವೇ ಮೂರು ಎಂದು ನನಗೆ ಆಗ ಗೊತ್ತಿರಲಿಲ್ಲ.

ಬಾಲಕ್ಕೆ ಇಂಜಿನ್ ಕಟ್ಟಿದವರು

ಹುಟ್ಟಿನ ಜಾಗಕ್ಕೆ ಇಂಜಿನ್ ತಂದವರಲ್ಲಿ ಹೆಸರು ಉಳಿದಿರುವುದು ಓಲೆ ಎವಿನ್‌ರೂಡ್‌ನದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದವನು. ಬೇಸಿಗೆಯ ಒಂದು ದಿನ ಪ್ರೇಯಸಿ ಬೆಸ್‌ಗಾಗಿ ಕೆರೆಯಾಚೆಯಿಂದ ಐಸ್‌ಕ್ರೀಮ್ ತರಲು ಹುಟ್ಟು ಹಾಕಿದನಂತೆ. ವಾಪಸು ಬರುವಷ್ಟರಲ್ಲಿ ಐಸ್‌ಕ್ರೀಮ್ ನೀರಾಗಿತ್ತಂತೆ. ಕತೆ ಎಷ್ಟು ನಿಜವೋ ದೇವರೇ ಬಲ್ಲ, ಆದರೆ 1909ರಲ್ಲಿ ಅವನು ಮಾರಾಟಕ್ಕಿಟ್ಟ ಇಂಜಿನ್ ಮಾತ್ರ ನಿಜ. ಒಂದೂವರೆ ಅಶ್ವಶಕ್ತಿ, ತೂಕ ಸುಮಾರು 28 ಕಿಲೋ. ಅವನಿಗೂ ಮೊದಲೇ ಡೆಟ್ರಾಯಿಟಿನ ಕ್ಯಾಮರಾನ್ ವಾಟರ್‌ಮನ್ ಇಂಥದ್ದೊಂದನ್ನು ಮಾರುತ್ತಿದ್ದ. ಆದರೆ ಎವಿನ್‌ರೂಡ್‌ನ ಇಂಜಿನ್ ಜನರ ಕೈಗೆ ಒಗ್ಗಿತು. ವ್ಯಾಪಾರದ ಪತ್ರಗಳನ್ನೂ ಜಾಹೀರಾತನ್ನೂ ನೋಡಿಕೊಂಡವಳು ಅದೇ ಬೆಸ್, ಅಷ್ಟರಲ್ಲಿ ಅವನ ಹೆಂಡತಿ.

ಈ ಇಂಜಿನ್ನಿನ ಸೊಗಸು ಏನೆಂದರೆ, ಅದು ದೋಣಿಯ ಒಳಗಿಲ್ಲ. ಹಿಂದಿನ ಹಲಗೆಗೆ ತಗುಲಿಹಾಕಿ ಬಿಗಿದರೆ ಆಯಿತು. ಇಂಜಿನ್ನನ್ನೇ ತಿರುಗಿಸಿದರೆ ದೋಣಿ ತಿರುಗುತ್ತದೆ, ಮೇಲಕ್ಕೆ ಕೆಳಕ್ಕೆ ಓರೆ ಮಾಡಿದರೆ ದೋಣಿಯ ಮೂತಿ ಏಳುತ್ತದೆ, ಇಳಿಯುತ್ತದೆ. ಈ ಕೊನೆಯ ಗುಣವನ್ನು ನೆನಪಿಡಿ. ಮುಂದಿನ ಕತೆಯೆಲ್ಲ ಅದರ ಮೇಲೇ ನಿಂತಿದೆ.

ಇನ್ನು ದೋಣಿಯ ಹೊಟ್ಟೆ. ಕೆನಡಾದ ಆಲ್ಬರ್ಟ್ ಹಿಕ್‌ಮನ್ 1910ರ ದಶಕದಲ್ಲಿ 'ಸೀ ಸ್ಲೆಡ್' ಎಂಬ ದೋಣಿ ಮಾಡಿದ. ಎಲ್ಲರ ದೋಣಿಯ ತಳ ನೇಗಿಲ ಗುಳದಂತೆ ಕೆಳಕ್ಕೆ ಚೂಪು. ಇವನದು ತಲೆಕೆಳಗು: ನಡುವೆ ಮೇಲಕ್ಕೆ, ಎರಡು ಪಕ್ಕದಲ್ಲಿ ಕೆಳಕ್ಕೆ. ಗಾಳಿ ಮತ್ತು ನೊರೆ ಆ ನಡುಗಾಲುವೆಯೊಳಗೆ ಸಿಕ್ಕಿ ದೋಣಿಯನ್ನು ಎತ್ತಿ ಹಿಡಿಯುತ್ತಿತ್ತು. ಪ್ರೊಪೆಲರನ್ನು ಪೂರ್ತಿ ಮುಳುಗಿಸದೆ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗಿಸುವ ಪ್ರಯೋಗವನ್ನೂ ಅವನು ಮಾಡಿದ.

1960ರ ದಶಕದಲ್ಲಿ ಇಟಲಿಯ ಕೋಮೊ ಸರೋವರದ ದಂಡೆಯ ದೋಣಿ ಬಡಗಿ ಆಂಜೆಲೊ ಮೊಲಿನಾರಿ ಈ ಗಾಳಿಯ ಲೆಕ್ಕವನ್ನು ರೇಸಿಗೆ ಹೊಂದಿಸಿದ. ಎರಡು ಸಪೂರ ದೋಣಿಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಮೇಲೆ ಒಂದು ಚಪ್ಪರ ಹಾಕಿದರೆ ಹೇಗಿರುತ್ತದೋ ಹಾಗೆ. ಅದೇ ಟನಲ್ ಹಲ್, ಹೊಟ್ಟೆಯ ಕೆಳಗೆ ಸುರಂಗವಿರುವ ದೋಣಿ. ಪಕ್ಕದ ಎರಡು ತೇಲುಭಾಗಗಳಿಗೆ ಸ್ಪಾನ್ಸನ್ ಎನ್ನುತ್ತಾರೆ. ನಾನಿಲ್ಲಿ ಪಾದ ಎಂದು ಕರೆಯುತ್ತೇನೆ, ನಮಗೆ ಸುಲಭ.

ಆಂಜೆಲೊನ ಮಗ ರೆನಾಟೊ ಮೊಲಿನಾರಿ ಅಪ್ಪನ ದೋಣಿಗಳಲ್ಲಿ ಬೆಳೆದು, 1981ರಲ್ಲಿ ಶುರುವಾದ ಫಾರ್ಮುಲಾ ಒನ್ ದೋಣಿ ಸರಣಿಯ ಮೊದಲ ವಿಶ್ವ ಚಾಂಪಿಯನ್ ಆದ. ಮತ್ತೆ 1983, 1984ರಲ್ಲೂ ಗೆದ್ದ. ಅಪ್ಪ ಕಟ್ಟುವುದು, ಮಗ ಓಡಿಸಿ ನೋಡಿ ಎಲ್ಲಿ ತಪ್ಪಿದೆ ಎಂದು ಹೇಳುವುದು, ಅಪ್ಪ ಮತ್ತೆ ತಿದ್ದುವುದು. ಆ ಕಾಲದಲ್ಲಿ ಈ ವಿದ್ಯೆ ಬೆಳೆದದ್ದು ಇಂಥ ಮನೆಗಳಲ್ಲಿ.

ಚಕ್ಕಡಿಯ ಲೆಕ್ಕ

ಈಗ ಅಪ್ಪನ ಪ್ರಶ್ನೆಗೆ ಬರೋಣ. ನೀರು ಮುಟ್ಟದೆ ದೋಣಿ ಹೇಗೆ ಹೋಗುತ್ತದೆ?

ಪೂರ್ತಿ ಮುಟ್ಟದೆ ಅಲ್ಲ. ಪಾದಗಳ ಹಿಂತುದಿ ಮತ್ತು ಪ್ರೊಪೆಲರಿನ ಕೆಳಭಾಗ, ಇಷ್ಟೇ ನೀರಿಗೆ ತಾಗಿರುತ್ತವೆ. ಉಳಿದ ಭಾರವನ್ನು ಸುರಂಗದೊಳಗೆ ನುಗ್ಗಿದ ಗಾಳಿ ಹೊರುತ್ತದೆ. ನೀರಿನ ಎಳೆತ ಕಡಿಮೆಯಾದಷ್ಟೂ ವೇಗ ಹೆಚ್ಚು, ವೇಗ ಹೆಚ್ಚಿದಷ್ಟೂ ಗಾಳಿಯ ಎತ್ತು ಹೆಚ್ಚು. ವೇಗ ಎರಡರಷ್ಟಾದರೆ ಎತ್ತುವ ಬಲ ನಾಲ್ಕರಷ್ಟು! ಫಾರ್ಮುಲಾ ಒನ್ ದೋಣಿಯ ಉದ್ದ ಸುಮಾರು 6 ಮೀಟರು, ಅಗಲ 2 ಮೀಟರು, ಇಂಜಿನ್ ಸೇರಿ ತೂಕ 400 ಕಿಲೋದ ಒಳಗೆ. ಇಷ್ಟು ಹಗುರ ವಸ್ತುವನ್ನು ಆ ವೇಗದ ಗಾಳಿಯ ಮುಂದೆ ಹಿಡಿದರೆ ಅದಕ್ಕೆ ಹಾರುವ ಆಸೆ ಬರದೆ ಇರುತ್ತದೆಯೇ?

ಇಲ್ಲಿಯೇ ಕಷ್ಟ ಶುರು. ಚಕ್ಕಡಿ ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಬಂಡಿ ಸಾಗುವುದಿಲ್ಲ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನೇ ಎತ್ತುತ್ತದೆ. ಟನಲ್ ಬೋಟಿನಲ್ಲೂ ಇದೇ ತಕ್ಕಡಿ. ಮೂತಿ ತೀರ ಕೆಳಗಿದ್ದರೆ ಪಾದಗಳು ನೀರಿಗೆ ಒತ್ತಿ ದೋಣಿ ಮಂದವಾಗುತ್ತದೆ, ತಿರುವಿನಲ್ಲಿ ಒಂದು ಪಾದ ಮಣ್ಣಿಗೆ ನೆಟ್ಟ ಗುದ್ದಲಿಯಂತೆ ಕಚ್ಚಿ ದೋಣಿ ಗಕ್ಕನೆ ಅಡ್ಡ ತಿರುಗಬಹುದು. ಮೂತಿ ತೀರ ಮೇಲಾದರೆ ಗಾಳಿ ಇಡೀ ಹೊಟ್ಟೆಗೆ ಬಡಿದು ದೋಣಿ ಹಿಂದಕ್ಕೆ ಮಗುಚಿ ಬೀಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ ಅದು. ಒಂದು ವ್ಯತ್ಯಾಸ ಏನೆಂದರೆ, ಚಕ್ಕಡಿಯ ಭಾರ ಊರು ಮುಟ್ಟುವವರೆಗೆ ಇಟ್ಟಲ್ಲೇ ಇರುತ್ತದೆ. ಇಲ್ಲಿ ಗಾಳಿಯ ಭಾರ ಕ್ಷಣಕ್ಷಣಕ್ಕೂ ಬದಲಾಗುತ್ತದೆ.

ಹಾಗಾಗಿ ಚಾಲಕನ ಬೆರಳಿನಡಿ ಒಂದು ಗುಂಡಿ. ಅದೇ ಟ್ರಿಮ್. ಇಂಜಿನ್ನಿನ ಓರೆಯನ್ನು ಬದಲಿಸುವ ಗುಂಡಿ. ಇಂಜಿನ್ನಿನ ಕಾಲನ್ನು ದೋಣಿಯ ಕಡೆಗೆ ಒಳಕ್ಕೆ ತಂದರೆ ಮೂತಿ ಇಳಿಯುತ್ತದೆ, ಹೊರಕ್ಕೆ ಒಯ್ದರೆ ಏಳುತ್ತದೆ. ಹೊರಡುವಾಗ ಒಳಗೆ. ದೋಣಿ ನೀರಿನಿಂದ ಮೇಲೆದ್ದು ಜಾರತೊಡಗಿದ ಮೇಲೆ ನೇರ ದಾರಿಯಲ್ಲಿ ಸ್ವಲ್ಪಸ್ವಲ್ಪವೇ ಹೊರಗೆ. ತಿರುವು ಬರುವ ಮೊದಲೇ ಮತ್ತೆ ಒಳಗೆ. ಎದುರುಗಾಳಿ ಇದ್ದರೆ ಹೊರಗೆ ಒಯ್ಯುವುದು ಕಡಿಮೆ, ಹಿಂಗಾಳಿ ಇದ್ದರೆ ಒಂದಿಷ್ಟು ಹೆಚ್ಚು. ಒಂದೊಂದು ಸುತ್ತಿನಲ್ಲೂ ಇದನ್ನು ಎಷ್ಟೋ ಸಲ ಮಾಡಬೇಕು. ಈ ದೋಣಿಗೆ ಬ್ರೇಕಿಲ್ಲ, ಗೇರೂ ಇಲ್ಲ!

ಇದನ್ನು ಕಲಿಯುವವನಿಗೆ ಮೊದಲು ಬರಬೇಕಾದದ್ದು ವೇಗವಲ್ಲ, ಕುಂಡೆಯ ಅರಿವು (ತಪ್ಪು ತಿಳಿಯಬೇಡಿ). ದೋಣಿ ಮೂತಿ ಎತ್ತುವ ಮೊದಲು ಸೀಟು ಹಗುರಾಗುತ್ತದೆ, ಸ್ಟಿಯರಿಂಗ್ ಸಡಿಲವಾಗುತ್ತದೆ, ಇಂಜಿನ್ನಿನ ದನಿ ತೆಳ್ಳಗಾಗುತ್ತದೆ. ಕಣ್ಣಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಅದಕ್ಕೇ ಯುರೋಪಿನಲ್ಲಿ ಮಕ್ಕಳನ್ನು 15 ಅಶ್ವಶಕ್ತಿಯ ಪುಟ್ಟ ದೋಣಿಗಳಲ್ಲಿ ಕೂರಿಸುತ್ತಾರೆ. ಆಮೇಲೆ 60 ಅಶ್ವಶಕ್ತಿಯ ಫಾರ್ಮುಲಾ ಫೋರ್, ಆಮೇಲೆ ಫಾರ್ಮುಲಾ ಟೂ. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುವುದೇ ರೂಢಿ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಚಾಲಕ ಒಬ್ಬನೇ ಓಡಿಸುವುದಿಲ್ಲ. ಎತ್ತರದ ಜಾಗದಲ್ಲಿ ಅವನ ತಂಡದವನೊಬ್ಬ ರೇಡಿಯೋ ಹಿಡಿದು ನಿಂತಿರುತ್ತಾನೆ. ಹಿಂದೆ ಯಾರು ಬಂದರು, ಎಲ್ಲಿ ಅಲೆ ಎದ್ದಿದೆ, ಎಲ್ಲಿ ದೋಣಿ ಮಗುಚಿದೆ ಎಂದು ಕಿವಿಯಲ್ಲಿ ಹೇಳುತ್ತಿರುತ್ತಾನೆ. ಕೈ ಒಬ್ಬನದು, ಕಣ್ಣು ಇನ್ನೊಬ್ಬನದು.

ಆರ್‌ಎಕ್ಸ್ 100 ಮೇಸ್ತ್ರಿಯ ವಿದ್ಯೆ

ನಮ್ಮ ಕಡೆಯ ಹುಡುಗರಿಗೆ ಟೂ ಸ್ಟ್ರೋಕ್ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಆಮೇಲೆ 1985ರಿಂದ ಯಮಾಹಾ ಆರ್‌ಎಕ್ಸ್ 100. ನಾನು ಕಾಲೇಜಿಗೆ ಹೋಗುವಾಗ ಇದ್ದ ಒಬ್ಬ ಮೇಸ್ತ್ರಿ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ, ವೈದ್ಯರು ನಾಲಿಗೆ ನೋಡಿದ ಹಾಗೆ. ಮಸಿಯಂತೆ ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಕಡಿಮೆ, ಪಿಸ್ಟನ್ ಹೋಗುತ್ತದೆ. ಕಾಫಿಪುಡಿಯ ಬಣ್ಣವಿದ್ದರೆ "ಹಾಂ, ಬರೋಬ್ಬರಿ ಐತಿ" ಎನ್ನುತ್ತಿದ್ದ.

ವಿಜಯವಾಡದಲ್ಲಿ ಓಡಿದ ದೋಣಿಗಳ ಇಂಜಿನ್ನೂ ಟೂ ಸ್ಟ್ರೋಕೇ. ಮರ್ಕ್ಯುರಿ ಕಂಪನಿಯ ಆರು ಸಿಲಿಂಡರಿನ, ಎರಡೂವರೆ ಲೀಟರಿನ ಇಂಜಿನ್, ಸುಮಾರು 400 ಅಶ್ವಶಕ್ತಿ, ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು. ಆರ್‌ಎಕ್ಸ್ 100ರದ್ದು 98 ಸಿಸಿ, 11 ಅಶ್ವಶಕ್ತಿ. ಅಂದರೆ ಗಾತ್ರ 25 ಪಟ್ಟು, ಶಕ್ತಿ 36 ಪಟ್ಟು. ರೋಗ ಮಾತ್ರ ಅದೇ: ಪೆಟ್ರೋಲು ಕಡಿಮೆಯಾದರೆ ಪಿಸ್ಟನ್ ಸುಡುತ್ತದೆ.

ಆದರೆ ದೋಣಿಯ ಟ್ಯೂನಿಂಗ್ ಎಂದರೆ ಬರೀ ಇಂಜಿನ್ ಅಲ್ಲ. ಮುಖ್ಯವಾಗಿ ಮೂರು.

ಒಂದು, ಇಂಜಿನ್ನಿನ ಎತ್ತರ. ಇಂಜಿನ್ನಿನ ಕಾಲು ನೀರಿನಲ್ಲಿ ಆಳವಾಗಿದ್ದಷ್ಟೂ ಎಳೆತ ಹೆಚ್ಚು. ಆದ್ದರಿಂದ ಕಾಲು ಇಂಚು, ಅರ್ಧ ಇಂಚು ಎಂದು ಏರಿಸುತ್ತ ಹೋಗುತ್ತಾರೆ. ಒಂದು ಹಂತದವರೆಗೆ ವೇಗ ಹೆಚ್ಚುತ್ತದೆ. ಅದನ್ನು ದಾಟಿದರೆ ಪ್ರೊಪೆಲರಿಗೆ ನೀರಿನ ಹಿಡಿತ ತಪ್ಪಿ, ಕೆಸರಿನಲ್ಲಿ ಸಿಕ್ಕ ಟ್ರ್ಯಾಕ್ಟರಿನ ಗಾಲಿಯಂತೆ ಸುಮ್ಮನೆ ತಿರುಗುತ್ತದೆ. ಇಂಜಿನ್ನನ್ನು ತಂಪಾಗಿಡುವ ನೀರೂ ಸಿಗದೆ ಹೋಗಬಹುದು.

ಎರಡು, ಪ್ರೊಪೆಲರ್. ಪ್ರೊಪೆಲರಿಗೆ ಪಿಚ್ ಎಂಬ ಅಳತೆಯಿದೆ. ಒಂದು ಸುತ್ತಿಗೆ ಅದು ಜಾರದೆ ಎಷ್ಟು ಮುಂದೆ ಹೋಗಬೇಕು ಎನ್ನುವ ಲೆಕ್ಕ. ಸಾಧಾರಣ ದೋಣಿಯ ಉದಾಹರಣೆ ಕೊಡುತ್ತೇನೆ. ಇಂಜಿನ್ 6000 ಸುತ್ತು, ಗೇರಿನಿಂದ ಅದು ಅರ್ಧವಾಗಿ ಪ್ರೊಪೆಲರ್ 3000 ಸುತ್ತು ತಿರುಗುತ್ತದೆ ಎನ್ನೋಣ. ಪಿಚ್ 24 ಇಂಚು, ಅಂದರೆ 61 ಸೆಂಟಿಮೀಟರು. ನಿಮಿಷಕ್ಕೆ 1830 ಮೀಟರು, ಗಂಟೆಗೆ ಸುಮಾರು 110 ಕಿಲೋಮೀಟರು ಬರಬೇಕು. ಜಿಪಿಎಸ್ 98 ತೋರಿಸಿದರೆ ಸುಮಾರು 11 ಪ್ರತಿಶತ ಜಾರಿ ಹೋಯಿತು. ಈ ಜಾರು ಇಂಜಿನ್ ಏರಿಸಿದಾಗ ಎಷ್ಟಾಯಿತು, ಪ್ರೊಪೆಲರ್ ಬದಲಿಸಿದಾಗ ಎಷ್ಟಾಯಿತು ಎಂದು ನೋಡುತ್ತ ಹೋಗುವುದೇ ಟ್ಯೂನಿಂಗ್. ರೇಸಿನವರು ಪೆಟ್ಟಿಗೆ ತುಂಬ ಪ್ರೊಪೆಲರ್ ಒಯ್ಯುತ್ತಾರೆ. ತಿರುವು ಹೆಚ್ಚಿರುವ ಓಟಕ್ಕೆ ಬೇಗ ಜಿಗಿಯುವುದು, ನೇರ ದಾರಿ ಉದ್ದವಿದ್ದರೆ ಕೊನೆಯ ವೇಗ ಕೊಡುವುದು.

ಮೂರು, ಭಾರದ ಜಾಗ. ಪೆಟ್ರೋಲ್ ಟ್ಯಾಂಕು, ಬ್ಯಾಟರಿ, ಚಾಲಕನ ಸೀಟು ಎಲ್ಲಿರಬೇಕು ಎಂಬುದು. ಮತ್ತೆ ಅದೇ ಚಕ್ಕಡಿಯ ಲೆಕ್ಕ.

ಇದನ್ನೆಲ್ಲ ಕಲಿಸುವವರು ಮೊದಲು ಹೇಳುವುದು: ಒಂದು ಸಲಕ್ಕೆ ಒಂದನ್ನೇ ಬದಲಿಸು, ವಹಿಯಲ್ಲಿ ಬರೆದಿಡು. ಹೊಳೆಯಲ್ಲಾದರೆ ಸೆಳವಿನ ಜೊತೆಗೊಮ್ಮೆ, ಎದುರಿಗೊಮ್ಮೆ ಓಡಿಸಿ ಸರಾಸರಿ ತೆಗೆ. ಇಲ್ಲದಿದ್ದರೆ ಹೊಳೆ ಕೊಟ್ಟ ವೇಗವನ್ನು ನಿನ್ನ ಜಾಣತನ ಎಂದುಕೊಳ್ಳುತ್ತೀಯ!

ವಿಜಯವಾಡವನ್ನು ಯಾಕೆ ಆರಿಸಿಕೊಂಡಿರಬಹುದು ಎಂಬುದೂ ಆಗ ತಿಳಿಯಿತು. 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜಿನ ಹಿನ್ನೀರು ಅಲ್ಲಿ ಅಗಲವಾಗಿ, ಕನ್ನಡಿಯಂತೆ ನಿಂತಿರುತ್ತದೆ. ಟನಲ್ ಬೋಟಿಗೆ ಬೇಕಾದದ್ದು ಅದೇ. ನಮ್ಮ ಕುಡಚಿಯ ಮಳೆಗಾಲದ ಹೊಳೆಯಲ್ಲಿ ಅದನ್ನು ಬಿಟ್ಟರೆ ಮೊದಲ ಅಲೆಗೇ ಚೂರು. ಅಂದ ಹಾಗೆ ಆ ಸ್ಪರ್ಧೆ ಮರುವರ್ಷ ಅಲ್ಲಿಗೆ ಬರಲಿಲ್ಲ.

ಕಲಿಕೆಗೆ ತೆತ್ತ ಬೆಲೆ

ಈ ವಿದ್ಯೆ ಪುಕ್ಕಟೆ ಬಂದದ್ದಲ್ಲ. 1980ರ ದಶಕದ ಮೊದಲಲ್ಲಿ ಇಂಜಿನ್ ಕಂಪನಿಗಳ ನಡುವೆ ಪೈಪೋಟಿ ಹತ್ತಿತ್ತು. ಮೂರೂವರೆ ಲೀಟರಿನ, ಎಂಟು ಸಿಲಿಂಡರಿನ ಔಟ್‌ಬೋರ್ಡ್ ಇಂಜಿನ್ನುಗಳು ಬಂದವು. ದೋಣಿಗಳು ಮಾತ್ರ ಇನ್ನೂ ಮರದ ತೆಳು ಹಲಗೆಯವು. ಚಾಲಕರು ತೆರೆದ ಗುಂಡಿಯಲ್ಲಿ ಬೆಲ್ಟಿಲ್ಲದೆ ಕೂರುತ್ತಿದ್ದರು. ದೋಣಿ ಮಗುಚಿದರೆ ದೂರ ಎಸೆಯಲ್ಪಡುವುದೇ ವಾಸಿ ಎಂಬ ನಂಬಿಕೆ. ಆದರೆ ಆ ವೇಗದಲ್ಲಿ ನೀರು ನೀರಾಗಿರುವುದಿಲ್ಲ, ಕಲ್ಲಾಗಿರುತ್ತದೆ. 1984ರಲ್ಲಿ ಬ್ರಿಟನ್ನಿನ ಟಾಮ್ ಪರ್ಸಿವಲ್ ಬೆಲ್ಜಿಯಮ್ಮಿನ ಲಿಯೆಜ್‌ನಲ್ಲಿ ತೀರಿಕೊಂಡ. ಆ ವರ್ಷ ಸತ್ತವನು ಅವನೊಬ್ಬನೇ ಅಲ್ಲ.

ಆಮೇಲೆ ಕ್ರಿಸ್ ಹಾಜಸ್ ಎಂಬ ಇನ್ನೊಬ್ಬ ಬ್ರಿಟಿಷ್ ಚಾಲಕ, ದೋಣಿ ಕಟ್ಟುವವನೂ ಹೌದು, ಒಂದು ಗಟ್ಟಿ ಕೋಶ ಮಾಡಿದ. ದೋಣಿ ಚೂರುಚೂರಾದರೂ ಚಾಲಕ ಕೂತ ಕೋಶ ಒಡೆಯಬಾರದು, ಅವನು ಅದರೊಳಗೇ ಬೆಲ್ಟಿನಿಂದ ಬಿಗಿದುಕೊಂಡಿರಬೇಕು. ಮೊದಮೊದಲು ಚಾಲಕರು ಒಪ್ಪಲಿಲ್ಲ. ನೀರಿನಡಿ ತಲೆಕೆಳಗಾಗಿ ಕಟ್ಟಿಸಿಕೊಂಡು ಕೂರುವುದೇ? ಭಯ ಸಹಜವೇ. ಆದರೆ ಕೋಶದಲ್ಲಿದ್ದವರು ಬದುಕಿ ಬಂದದ್ದನ್ನು ಕಣ್ಣಾರೆ ಕಂಡ ಮೇಲೆ ಮನಸ್ಸು ತಿರುಗಿತು.

ಆ ಭಯಕ್ಕೂ ಮದ್ದು ಕಲಿಕೆಯೇ. ಇಂದು ರೇಸಿನ ಪರವಾನಗಿ ಬೇಕಿದ್ದರೆ ಮುಳುಗು ಪರೀಕ್ಷೆ ಆಗಬೇಕು. ಕೋಶದಂಥದ್ದರಲ್ಲಿ ಕೂರಿಸಿ, ಬೆಲ್ಟು ಬಿಗಿದು, ಈಜುಕೊಳದಲ್ಲಿ ತಲೆಕೆಳಗು ಮಾಡುತ್ತಾರೆ. ಗಾಬರಿಯಾಗದೆ ಬೆಲ್ಟು ಬಿಚ್ಚಿ ಹೊರಬರಬೇಕು. ಬೆನ್ನಿಗೆ ಬೆಂಡು ಕಟ್ಟಿ ನಮ್ಮನ್ನು ಬಾವಿಗೆ ದೂಡುತ್ತಿದ್ದ ಕಾಕಾಗಳ ನೆನಪಾಯಿತು. ಅವರದೂ ಇದೇ ಶಾಲೆ: ಮೊದಲು ಮುಳುಗುವುದನ್ನು ಕಲಿ, ಆಮೇಲೆ ತೇಲುವುದನ್ನು. ಈ ವಿದ್ಯೆಗೆ ಗಂಡು ಹೆಣ್ಣು ಎಂಬ ಭೇದವೂ ಇಲ್ಲ. 2015ರ ಡಿಸೆಂಬರಿನಲ್ಲಿ ಶಾರ್ಜಾದಲ್ಲಿ ನಾರ್ವೆಯ ಮಾರಿಟ್ ಸ್ಟ್ರೊಮಾಯ್ ಎಂಬ ಮಹಿಳೆ ಫಾರ್ಮುಲಾ ಒನ್ ಓಟವನ್ನೇ ಗೆದ್ದಳು.

ಒಂಬತ್ತು ತಿಂಗಳ ನಂತರ

ಇಷ್ಟೆಲ್ಲ ಓದಿ ನಾನೇನೋ ಪಂಡಿತನಾದೆ ಎಂದುಕೊಂಡಿದ್ದೆ. 2019ರ ಆಗಸ್ಟ್ ಬಂತು.

ಆ ನೆರೆಯನ್ನು ನಮ್ಮ ಭಾಗದವರು ಮರೆಯುವಂತಿಲ್ಲ. ಘಟ್ಟದಲ್ಲಿ ಮಳೆ, ಕೊಯ್ನಾದಿಂದ ನೀರು. ಕುಡಚಿ-ಉಗಾರ ಸೇತುವೆ ಮುಳುಗಿತು. ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡದ ಹೊಳೆದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ನಾನು ರಜೆ ಹಾಕಿ ಊರಿಗೆ ಬಂದಿದ್ದೆ. ದಂಡೆಯ ಹಳ್ಳಿಯಲ್ಲಿ ಅತ್ತೆಯ ಮನೆಯವರು ಮಾಳಿಗೆ ಮೇಲೆ ಕೂತಿದ್ದರು. ರಕ್ಷಣೆಗೆ ಬಂದಿದ್ದ ರಬ್ಬರ್ ಬೋಟಿನಲ್ಲಿ ದಾರಿ ತೋರಿಸಲು ನನ್ನನ್ನೂ ನಮ್ಮ ಕಾಕಾನನ್ನೂ ಹತ್ತಿಸಿಕೊಂಡರು.

ಬೋಟು ನಡೆಸುತ್ತಿದ್ದವನು ಎಲ್ಲಿಯವನೋ ಹಿಂದಿ ಮಾತಾಡುವ ಹುಡುಗ, ಇಪ್ಪತ್ತೈದರ ಆಸುಪಾಸು. ಹೊರಡುವ ಮೊದಲು ನನ್ನನ್ನು ಮುಂದೆ ಮೂತಿಯ ಹತ್ತಿರ ಕೂರಿಸಿದ. ಯಾಕೆಂದು ಕೇಳಿದೆ. ಎದುರುಗಾಳಿಯಲ್ಲಿ ಮೂತಿ ಹಗುರಾದರೆ ರಬ್ಬರ್ ಬೋಟು ಹಿಂದಕ್ಕೆ ಮಗುಚುತ್ತದೆ ಎಂದ. ನನಗೆ ಮೈ ಜುಂ ಎಂದಿತು. ವಿಜಯವಾಡದ 220 ಕಿಲೋಮೀಟರಿನ ದೋಣಿಗೂ ಈ ಬಡ ಬೋಟಿಗೂ ಕಾನೂನು ಒಂದೇ!

ಸ್ವಲ್ಪ ದೂರದಲ್ಲೇ ಇಂಜಿನ್ ಗಕ್ಕನೆ ನಿಂತಿತು. ನಾವು ಕಬ್ಬಿನ ಗದ್ದೆಯ ಮೇಲಿದ್ದೆವು. ಡ್ರಿಪ್ ಪೈಪು ಪ್ರೊಪೆಲರಿಗೆ ಸುತ್ತಿಕೊಂಡಿತ್ತು. ಬೋಟು ಸೆಳವಿನ ಕಡೆಗೆ ಜಾರತೊಡಗಿತು. ಕಾಕಾ ನೀರಿನ ಮೇಲೆ ಕಾಣುತ್ತಿದ್ದ ಕಬ್ಬಿನ ಸುಳಿಗಳನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದ. "ಅಲ್ಲೇ ಬಾವಿ ಐತಿ, ತಮ್ಮಾ, ಎಡಕ ಬರಬ್ಯಾಡ!" ಎಂದು ಕೂಗಿದ. ಹುಡುಗನಿಗೆ ಕನ್ನಡ ತಿಳಿಯದು, ನಾನು ಹಿಂದಿಯಲ್ಲಿ ಕೂಗಿದೆ. ಅವನು ಇಂಜಿನ್ ಎತ್ತಿ, ಚಾಕುವಿನಿಂದ ಪೈಪು ಕತ್ತರಿಸಿ, ಮತ್ತೆ ಇಳಿಸಿ ಚಾಲೂ ಮಾಡಿದ. ಮಾಡಿದವನು ಮೊದಲು ನೋಡಿದ್ದು ಎಲ್ಲಿ ಗೊತ್ತೇ? ಇಂಜಿನ್ನಿನ ಪಕ್ಕದಿಂದ ಬರುವ ಸಣ್ಣ ನೀರಿನ ಧಾರೆಯನ್ನು. ಅದು ನಿಂತಿದೆ ಎಂದರೆ ಕೆಸರು ಕಟ್ಟಿದೆ, ಇಂಜಿನ್ ಸುಡುತ್ತದೆ. ಧಾರೆ ಬಂತು. ಮುಂದೆ ತಗ್ಗು ನೀರು ಬಂದಲ್ಲೆಲ್ಲ ಇಂಜಿನ್ನನ್ನು ಓರೆ ಎತ್ತಿ, ಮೆಲ್ಲಗೆ, ತಾಯಿ ಮಗುವನ್ನು ನಡೆಸುವ ಹಾಗೆ ನಡೆಸಿದ.

ಕೈ ಅವನದು, ಕಣ್ಣು ಕಾಕಾನದು. ಎಲ್ಲಿ ಬಾವಿ, ಎಲ್ಲಿ ಬೇಲಿಯ ತಂತಿ, ಎಲ್ಲಿ ಹಳ್ಳದ ಸುಳಿ ಎಂದು ಅವನಿಗೆ ಗೊತ್ತಿಲ್ಲ. ಇಂಜಿನ್ ಹೇಗೆ ಮಾತಾಡುತ್ತದೆ ಎಂದು ಕಾಕಾನಿಗೆ ಗೊತ್ತಿಲ್ಲ. ಆ ದಿನ ಇಬ್ಬರೂ ಒಂದೇ ಬೋಟಿನಲ್ಲಿದ್ದರು, ಅತ್ತೆಯ ಮನೆಯವರು ಉಳಿದರು. ಇಬ್ಬರಲ್ಲಿ ಒಬ್ಬರೇ ಇದ್ದಿದ್ದರೆ?

ಕೊನೆಯ ಮಾತು

ನಾನು ಟನಲ್ ಬೋಟು ನಡೆಸಿದವನಲ್ಲ, ನಡೆಸುವವನೂ ಅಲ್ಲ. ಆದರೆ ನೂರು ವರ್ಷದ ಈ ಕತೆಯಿಂದ ನನಗೆ ಹೊಳೆದದ್ದು ಇಷ್ಟು. ದೋಣಿ ಹಣ ಕೊಟ್ಟರೆ ಬರುತ್ತದೆ, ಕೈ ಬರುವುದಿಲ್ಲ. ಮೊಲಿನಾರಿಯ ಮನೆಯಲ್ಲಿ ಅಪ್ಪನಿಂದ ಮಗನಿಗೆ ಬಂದಂತೆ, ನಮ್ಮಲ್ಲೂ ಅಂಬಿಗರ ಮನೆಯಲ್ಲಿ ಬರುತ್ತಿತ್ತು. ಸೇತುವೆ ಕಟ್ಟಿದೆವು, ಒಳ್ಳೆಯದೇ ಆಯಿತು. ಆದರೆ ಹುಟ್ಟಿನ ಜೊತೆಗೆ ಆ ಕೈಯನ್ನೂ ಕಳೆದುಕೊಂಡೆವು. ಸೇತುವೆ ಮುಳುಗಿದ ದಿನ ಅದು ಮತ್ತೆ ಬೇಕಾಗುತ್ತದೆ. 2005ರಲ್ಲಿ ಬೇಕಾಯಿತು, 2019ರಲ್ಲಿ ಬೇಕಾಯಿತು, 2021ರ ಜುಲೈಯಲ್ಲೂ ಬೇಕಾಯಿತು.

ದಂಡೆಯ ಪ್ರತಿ ಹಳ್ಳಿಯಲ್ಲೂ ನಾಲ್ಕು ಹುಡುಗ ಹುಡುಗಿಯರು ಬೇಸಿಗೆಯ ನಿಂತ ನೀರಿನಲ್ಲಿ ಒಂದು ಸಣ್ಣ ಔಟ್‌ಬೋರ್ಡ್ ಇಂಜಿನ್ ನಡೆಸಲು, ಬಿಚ್ಚಲು, ಜೋಡಿಸಲು ಕಲಿತರೆ ಸಾಕು. ಆರ್‌ಎಕ್ಸ್ 100ರ ಪ್ಲಗ್ ನೋಡಿ ರೋಗ ಹೇಳುತ್ತಿದ್ದ ಊರುಗಳು ನಮ್ಮವು. ನಮಗೆ ಬಾರದ ವಿದ್ಯೆಯೇ ಇದು?

ಮೊನ್ನೆ ಅಪ್ಪ ಮತ್ತೆ ಕೇಳಿದ, "ಆ ನೀರ ಮುಟ್ಟದ ದೋಣಿ ಏನಾತಪಾ?" ನಾನು ಸುರಂಗ, ಗಾಳಿ, ಟ್ರಿಮ್ ಎಲ್ಲ ವಿವರಿಸಿದೆ. ಅಪ್ಪ ತಲೆದೂಗಿ ಹೇಳಿದ:

"ಹಂಗಾರ ಅದೂ ಚಕ್ಕಡಿನ ಬಿಡು. ಹೇರವ್ನ ಕೈಯಾಗ ಐತಿ."

ಮತ್ತೆ ಸಿಗೋಣ.